ಬ್ರಿಟನ್ನಿನ ತುಂಡುತೋಟಗಳಲ್ಲಿ ವಸಂತದ ಕೆಲಸಗಳು

ಮನೆಗೆ ಹಿತ್ತಲಿಲ್ಲದವರು, ಇದ್ದ ಹಿತ್ತಲು ಸಾಲದವರು ತರಕಾರಿ ಬೆಳೆದುಕೊಳ್ಳಲೆಂದು ಗುತ್ತಿಗೆಗೆ ಪಡೆಯುವ ತುಂಡುಭೂಮಿಯನ್ನು ಬ್ರಿಟನ್ನಿನಲ್ಲಿ ‘ಅಲಾಟ್‌ಮೆಂಟ್’ ಎನ್ನುತ್ತಾರೆ. ಬೇಡಿಕೆಯಿರುವಲ್ಲಿ ಅದನ್ನು ಒದಗಿಸುವ ಹೊಣೆಯನ್ನು 1908ರ ಕಾಯಿದೆ ಸ್ಥಳೀಯ ಸಂಸ್ಥೆಗಳಿಗೆ ವಹಿಸಿತು. ರೂಢಿಯಲ್ಲಿರುವ ಪೂರ್ಣ ತುಂಡಿನ ವಿಸ್ತೀರ್ಣ ಸುಮಾರು 250 ಚದರ ಮೀಟರ್.

ಮಾರ್ಚ್‌ನಲ್ಲಿ ಬಿಸಿಲು ಕಂಡೊಡನೆ ಬಿತ್ತನೆಗೆ ಆತುರಪಡುವುದು ತಪ್ಪು. ಹಿಡಿಯಲ್ಲಿ ಹಿಂಡಿದ ಮಣ್ಣು ಪುಡಿಯಾಗದೆ ಮುದ್ದೆಗಟ್ಟಿದರೆ ಮಡಿ ಇನ್ನೂ ಹದಕ್ಕೆ ಬಂದಿಲ್ಲವೆಂದೇ ಅರ್ಥ.

ಈ ಋತುವಿನ ಮುಖ್ಯ ಬೆಳೆ ಆಲೂಗಡ್ಡೆ. ಬಿತ್ತನೆಗೆಡ್ಡೆಗಳನ್ನು ನಾಟಿಗೆ ಸುಮಾರು ಆರು ವಾರ ಮೊದಲೇ ಮೊಟ್ಟೆಯ ಟ್ರೇಗಳಲ್ಲಿ, ಕಣ್ಣುಗಳು ಹೆಚ್ಚಿರುವ ತುದಿ ಮೇಲಾಗುವಂತೆ, ಬೆಳಕಿರುವ ತಂಪು ಜಾಗದಲ್ಲಿ ಜೋಡಿಸಿಟ್ಟರೆ ಗಿಡ್ಡನೆಯ ಗಟ್ಟಿ ಮೊಳಕೆಗಳು ಬರುತ್ತವೆ. ಕತ್ತಲಲ್ಲಿಟ್ಟರೆ ಅವೇ ಬಿಳಿಚಿಕೊಂಡು ಉದ್ದವಾಗಿ, ಮುಟ್ಟಿದರೆ ಮುರಿಯುತ್ತವೆ. ನೆಟ್ಟ ಮೇಲೆ ಚಿಗುರು ಗೇಣುದ್ದವಾದಾಗ ಬುಡಕ್ಕೆ ಮಣ್ಣು ಏರಿಸಲೇಬೇಕು, ಏಕೆಂದರೆ ಬೆಳಕು ತಾಗಿದ ಗೆಡ್ಡೆ ಹಸಿರಾಗುವುದರ ಜೊತೆಗೆ ಅದರಲ್ಲಿ ಸೊಲನೈನ್ ಎಂಬ ವಿಷಾಂಶವೂ ಹೆಚ್ಚುತ್ತದೆ.

ಬಟಾಣಿ, ಈರುಳ್ಳಿಗಳು ಚಳಿಯನ್ನು ತಾಳುತ್ತವೆ. ಟೊಮೆಟೊ, ಕುಂಬಳದ ಎಳೆಯ ಸಸಿಗಳು ಮಾತ್ರ ಒಂದೇ ರಾತ್ರಿಯ ಹಿಮಕ್ಕೆ ಕಪ್ಪಾಗಿ ಸಾಯುವುದರಿಂದ, ಒಳಗೆ ಬೆಳೆಸಿದ ಅವನ್ನು ಒಂದೆರಡು ವಾರ ಹಗಲಲ್ಲಿ ಹೊರಗಿಟ್ಟು ರಾತ್ರಿ ಒಳತಂದು ಹವೆಗೆ ಒಗ್ಗಿಸಬೇಕಾಗುತ್ತದೆ. ಬೇಸರ ತರುವ ಈ ಕೆಲಸವೇ ಬೆಳೆಯನ್ನು ಉಳಿಸುವಂಥದ್ದು. ದೇಶದ ಬಹುಭಾಗದಲ್ಲಿ ಮೇ ಕೊನೆಯವರೆಗೂ ಹಿಮದ ಭಯ ಪೂರ್ತಿ ತೊಲಗುವುದಿಲ್ಲ.