ಗೆದ್ದ ಸಂಘಗಳು, ಉಳಿದ ಸಂಘಗಳು

ದೀಪಾವಳಿಯ ಬಿಡುವಿನಲ್ಲಿ ಆಜರೆಯಿಂದ ಗಡಹಿಂಗ್ಲಜಕ್ಕೆ ಹೋಗಿಬಂದ ವಾಚಕರಿಗೆ ಅಲ್ಲಿಯ ಎಂ. ಆರ್. ಹೈಸ್ಕೂಲ್ ಮೈದಾನದ ಗದ್ದಲ ಹೊಸದಲ್ಲ. ಊರೂರುಗಳಿಂದ ಬಂದ ಫುಟ್‌ಬಾಲ್ ತಂಡಗಳು ಅಲ್ಲಿ ಸೆಣಸುತ್ತವೆ. ಹಬ್ಬದ ಫರಾಳ ಮುಗಿಸಿದ ಜನ ಮಕ್ಕಳುಮರಿಗಳೊಡನೆ ಬಂದು ಬಿಸಿಲಲ್ಲೇ ನಿಲ್ಲುತ್ತಾರೆ. ಅಂಥದೊಂದು ಸಂಜೆ ನನ್ನ ಪಕ್ಕದಲ್ಲಿ ನಿಂತಿದ್ದ ತಾಯಿಯೊಬ್ಬಳು, ಮಗನ ಬೂಟಿನ ಚೀಲವನ್ನು ಹೆಗಲಿಗೇರಿಸಿಕೊಂಡು, ನನ್ನನ್ನು ಕೇಳಿದಳು: “ಈ ಆಟದಾಗ ನಮ್ಮ ದೇಶದಾಗ ಎಲ್ಲಾರ್ಕಿಂತ ದೊಡ್ಡ ಕ್ಲಬ್ಬು ಯಾವುದ್ರಿ? ಅಲ್ಲಿ ಸೇರಿದ್ರ ಹುಡುಗನ ಹೊಟ್ಟಿ ತುಂಬೀತೇನ್ರಿ?”

ಒಂದರ ಬೆನ್ನಿಗೆ ಒಂದು ಬಂದ ಎರಡು ಪ್ರಶ್ನೆಗಳು. ಮೊದಲನೆಯದಕ್ಕೆ ಉತ್ತರ ಸುಲಭ, ಎರಡನೆಯದಕ್ಕೆ ಅಂದು ನನ್ನಲ್ಲಿ ಉತ್ತರವಿರಲಿಲ್ಲ.

ಪ್ರಶಸ್ತಿಗಳನ್ನು ಎಣಿಸುವುದಾದರೆ ಕಲಕತ್ತೆಯ ಮೋಹನ್ ಬಾಗಾನಿಗೆ ಸರಿಸಾಟಿಯಾದ ಸಂಘ ಭಾರತದಲ್ಲಿ ಇನ್ನೊಂದಿಲ್ಲ. 1889ರಲ್ಲಿ ಹುಟ್ಟಿದ ಈ ಸಂಘ 1911ರ ಜುಲೈ 29ರಂದು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಗೋರಾ ಸಿಪಾಯಿಗಳನ್ನು 2-1ರಿಂದ ಮಣಿಸಿ ಐಎಫ್‌ಎ ಶೀಲ್ಡನ್ನು ಕಸಿದುಕೊಂಡಿತು. ಹನ್ನೊಂದು ಮಂದಿಯಲ್ಲಿ ಒಬ್ಬನ ಹೊರತು ಉಳಿದವರೆಲ್ಲ ಬರಿಗಾಲಿನವರು. ಮುಂದೆ ಡ್ಯುರಾಂಡ್ ಕಪ್ಪನ್ನು 17 ಸಲ, ಫೆಡರೇಷನ್ ಕಪ್ಪನ್ನು 14 ಸಲ, ಮುಂಬಯಿಯ ರೋವರ್ಸ್ ಕಪ್ಪನ್ನು 14 ಸಲ ಅದು ಗೆದ್ದುಕೊಂಡಿತು. 1996ರಲ್ಲಿ ಆರಂಭವಾದ ರಾಷ್ಟ್ರೀಯ ಲೀಗನ್ನು ಮೂರು ಸಲ, ಅದರ ಉತ್ತರಾಧಿಕಾರಿಯಾದ ಐ-ಲೀಗನ್ನು ಎರಡು ಸಲ ಗೆದ್ದು, ಇಂಡಿಯನ್ ಸೂಪರ್ ಲೀಗಿನಲ್ಲಿ 2023-24 ಮತ್ತು 2024-25ರಲ್ಲಿ ಲೀಗ್ ಹಂತದ ಅಗ್ರಸ್ಥಾನವನ್ನೂ ತನ್ನದಾಗಿಸಿಕೊಂಡಿತು.

ಅದರ ಬದ್ಧ ವೈರಿ, 1920ರಲ್ಲಿ ಸ್ಥಾಪನೆಯಾದ ಈಸ್ಟ್ ಬೆಂಗಾಲ್, ಹೆಚ್ಚೇನೂ ಹಿಂದೆ ಬಿದ್ದಿಲ್ಲ. ಐಎಫ್‌ಎ ಶೀಲ್ಡಿನಲ್ಲಂತೂ 29 ವಿಜಯಗಳೊಡನೆ ಅದೇ ಮುಂದಿದೆ, ಡ್ಯುರಾಂಡಿನಲ್ಲಿ 16. ಐವತ್ತರ ದಶಕದ ಆಸುಪಾಸಿನಲ್ಲಿ ಅದರ ಐವರು ಮುಂಪಂಕ್ತಿಯ ಆಟಗಾರರನ್ನು ಬಂಗಾಳದ ಜನ ‘ಪಂಚಪಾಂಡವ’ರೆಂದು ಕರೆಯುತ್ತಿದ್ದರು. ಆ ಪಾಂಡವರಲ್ಲಿ ಒಬ್ಬನಾದ ಅಹಮದ್ ಖಾನ್ ನಮ್ಮ ಬೆಂಗಳೂರಿನವನು, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿದವನು. ಬಂಗಾಳಿಗಳು ತಮ್ಮದೆಂದು ಎದೆತಟ್ಟಿಕೊಳ್ಳುವ ವೈಭವದಲ್ಲಿ ಕನ್ನಡ ನಾಡಿನ ಪಾಲೂ ಇದೆಯೆಂಬುದನ್ನು ನಾವು ಮರೆತಿದ್ದೇವೆ.

ಪಾಲು ಅಷ್ಟಕ್ಕೇ ಮುಗಿಯುವುದಿಲ್ಲ. 1891ರಿಂದ ಗೋರಾ ಪಲ್ಟಣಗಳ ಸ್ವತ್ತಾಗಿದ್ದ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಕಲಕತ್ತೆಯದಲ್ಲ. 1937ರಲ್ಲಿ ಅದನ್ನು ಎತ್ತಿದ್ದು ‘ಬೆಂಗಳೂರು ಮುಸ್ಲಿಮ್ಸ್’. ಅದೃಷ್ಟದ ಗೆಲುವು ಎಂದು ಹಂಗಿಸುವವರಿಗೆ ಉತ್ತರವೆಂಬಂತೆ 1938ರಲ್ಲಿ ಮತ್ತೊಮ್ಮೆ ಗೆದ್ದರು. ಇನ್ನು 1977ರಲ್ಲಿ ಕೇರಳದ ಎರ್ನಾಕುಲಮ್ಮಿನಲ್ಲಿ ನಡೆದ ಮೊಟ್ಟಮೊದಲ ಫೆಡರೇಷನ್ ಕಪ್ಪಿನ ಅಂತಿಮ ಪಂದ್ಯದಲ್ಲಿ ಮೋಹನ್ ಬಾಗಾನನ್ನು 1-0ರಿಂದ ಸೋಲಿಸಿದವರು ಬೆಂಗಳೂರಿನ ಐಟಿಐ ಕಾರ್ಖಾನೆಯ ನೌಕರರು! ಅದೇ ವರ್ಷದ ಸೆಪ್ಟೆಂಬರಿನಲ್ಲಿ ಈಡನ್ ಗಾರ್ಡನ್ಸಿನಲ್ಲಿ ಪೆಲೆಯ ಕಾಸ್ಮಾಸ್ ತಂಡದೊಡನೆ 2-2ರ ಸಮಬಲ ಸಾಧಿಸಿದ ಬಾಗಾನ್ ಅದು. ಟೆಲಿಫೋನು ತಯಾರಿಸುವ ಕಾರ್ಖಾನೆಯವರು ಅಂಥವರನ್ನು ಮಣಿಸಿದರು.

ಇಲ್ಲಿಗೆ ಆ ತಾಯಿಯ ಎರಡನೆಯ ಪ್ರಶ್ನೆ ಮುಂದೆ ಬಂದು ನಿಲ್ಲುತ್ತದೆ. ಐಟಿಐ, ಎಚ್‌ಎಎಲ್ ಮೊದಲಾದ ಕಾರ್ಖಾನೆಗಳ ತಂಡಗಳಿಗೆ ಸೇರಿದ ಹುಡುಗನಿಗೆ ಆಟದೊಡನೆ ನೌಕರಿಯೂ ದೊರೆಯುತ್ತಿತ್ತು. ಮೊಣಕಾಲು ಸೋತು ಮೈದಾನ ಬಿಟ್ಟ ಮೇಲೂ ತಿಂಗಳ ಪಗಾರ ನಿಲ್ಲುತ್ತಿರಲಿಲ್ಲ. ಪ್ರಶಸ್ತಿಗಳ ಪಟ್ಟಿಯಲ್ಲಿ ಈ ತಂಡಗಳಿಗೆ ಸಾಲು ಕಡಿಮೆ. ಮನೆಗಳ ಲೆಕ್ಕದಲ್ಲಿ ಅವು ಗೆಲ್ಲಿಸಿದ್ದು ಬಹಳ. ಆದರೆ ಆಡಳಿತ ಮಂಡಳಿಯ ಒಂದು ಠರಾವಿನಿಂದ ಹುಟ್ಟಿದ್ದು ಇನ್ನೊಂದು ಠರಾವಿನಿಂದ ಅಳಿಯಬಹುದು. ಮೊದಲ ರಾಷ್ಟ್ರೀಯ ಲೀಗನ್ನು ಗೆದ್ದ ಪಂಜಾಬದ ಜೆಸಿಟಿ 2011ರಲ್ಲಿ ತಂಡವನ್ನು ವಿಸರ್ಜಿಸಿತು. 2005-06ರಲ್ಲಿ ರಾಷ್ಟ್ರೀಯ ಲೀಗನ್ನು ಮಹಾರಾಷ್ಟ್ರಕ್ಕೆ ತಂದ ಮುಂಬಯಿಯ ಮಹೀಂದ್ರ ಯುನೈಟೆಡ್ 2010ರಲ್ಲಿಯೇ ಬಾಗಿಲು ಮುಚ್ಚಿತ್ತು. ಐದು ಸಲ ರಾಷ್ಟ್ರದ ಲೀಗನ್ನು ಗೆದ್ದ ಗೋವೆಯ ಡೆಂಪೊ ಸಹ 2016ರಲ್ಲಿ ಐ-ಲೀಗಿನಿಂದ ಹೊರನಡೆದು, ವರ್ಷಗಳ ತರುವಾಯವೇ ಮರಳಿತು.

ಹಾಗಾದರೆ ಹೊಸ ಕ್ಲಬ್ಬುಗಳ ಗತಿ? 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್‌ಸಿ ಮೊದಲ ವರ್ಷದಲ್ಲೇ ಐ-ಲೀಗನ್ನು ಗೆದ್ದಿತು, 2015-16ರಲ್ಲಿ ಮತ್ತೆ. 2016ರಲ್ಲಿ ಎಎಫ್‌ಸಿ ಕಪ್ಪಿನ ಅಂತಿಮ ಪಂದ್ಯ ತಲುಪಿದ ಮೊದಲ ಭಾರತೀಯ ಕ್ಲಬ್ಬೆನಿಸಿ, ದೋಹಾದಲ್ಲಿ ಇರಾಕಿನ ವಾಯುಪಡೆಯ ಕ್ಲಬ್ಬಿಗೆ ಒಂದೇ ಗೋಲಿನಿಂದ ಸೋತಿತು. ಎರಡು ಫೆಡರೇಷನ್ ಕಪ್ಪು, 2018-19ರ ಸೂಪರ್ ಲೀಗ್ ಕಿರೀಟ, ಸುನಿಲ್ ಛೇತ್ರಿಯಂಥ ನಾಯಕ. ಇಷ್ಟು ಅಲ್ಪಾವಧಿಯಲ್ಲಿ ಇಷ್ಟು ಸಾಧಿಸಿದ ಸಂಘ ದಕ್ಷಿಣದಲ್ಲಿ ವಿರಳ. ಆದರೂ 2025ರ ಜುಲೈಯಲ್ಲಿ ಸೂಪರ್ ಲೀಗಿನ ವಾಣಿಜ್ಯ ಕರಾರಿನ ತೊಡಕಿನಿಂದ ಮುಂದಿನ ಋತುವೇ ತೂಗುಯ್ಯಾಲೆಗೆ ಬಿದ್ದಾಗ, ಆಗಸ್ಟಿನಲ್ಲಿ ಆಟಗಾರರ ಸಂಬಳವನ್ನು ತಡೆಹಿಡಿದ ಕ್ಲಬ್ಬುಗಳಲ್ಲಿ ಬೆಂಗಳೂರು ಎಫ್‌ಸಿಯೂ ಒಂದಾಗಿತ್ತು. ಕೋಟಿಗಳ ಮಾತಾಡುವ ಲೀಗಿನಲ್ಲೂ ಹುಡುಗರ ಪಗಾರ ಕರಾರಿನ ಒಂದು ಕಾಗದಕ್ಕೆ ತೂಗಿಬಿದ್ದಿರುತ್ತದೆಂದು ಆಗ ತಿಳಿಯಿತು.

ಈಗ ನಮ್ಮ ಕೊಲ್ಲಾಪುರದತ್ತ ತಿರುಗೋಣ. ಶಾಹೂ ಮಹಾರಾಜರ ಕಾಲದಿಂದ ಕುಸ್ತಿಯ ತವರಾದ ಈ ನಗರದಲ್ಲಿ ಕಾಲ್ಚೆಂಡು ಬೇರೂರಿದ್ದು ಕ್ಲಬ್ಬಿನ ಹುಲ್ಲುಹಾಸಿನಲ್ಲಲ್ಲ, ತಾಲೀಮಿನ ಕೆಮ್ಮಣ್ಣಿನಲ್ಲಿ. ಪಾಟಾಕಡೀಲ ತಾಲೀಮು, ಖಂಡೋಬಾ ತಾಲೀಮು, ದಿಲ್‌ಬಹಾರ್ ತಾಲೀಮು, ಬಾಲಗೋಪಾಲ ತಾಲೀಮು, ಶಿವಾಜಿ ತರುಣ ಮಂಡಳ, ಪ್ರ್ಯಾಕ್ಟೀಸ್ ಕ್ಲಬ್ಬು ಎಂಬ ಹೆಸರುಗಳನ್ನು ಕೇಳಿದರೇ ಅವುಗಳ ಹುಟ್ಟು ತಿಳಿಯುತ್ತದೆ. ಶಾಹೂ ಸ್ಟೇಡಿಯಮ್ಮಿನಲ್ಲಿ ಕೊಲ್ಲಾಪುರ ಸ್ಪೋರ್ಟ್ಸ್ ಅಸೋಸಿಯೇಷನ್ ನಡೆಸುವ ಲೀಗಿನಲ್ಲಿ ಇವು ಎದುರುಬದುರಾದ ದಿನ, ಅಣ್ಣ ಒಂದು ಪೇಟೆಯ ಪಕ್ಷ, ಭಾವ ಇನ್ನೊಂದು ಪೇಟೆಯ ಪಕ್ಷ. ವಿಶ್ವಕಪ್ಪಿನ ವರ್ಷವಂತೂ ಅದೇ ಪೇಟೆಗಳು ಬ್ರೆಜಿಲ್, ಅರ್ಜೆಂಟೀನಾಗಳಾಗಿ ಒಡೆದುಕೊಂಡು ಬ್ಯಾನರು ಕಟ್ಟುತ್ತವೆ. ಹಠ ಮಿತಿಮೀರಿ ಇತ್ತೀಚಿನ ವರ್ಷಗಳಲ್ಲಿ ಆಫ್ರಿಕದ ಆಟಗಾರರನ್ನೂ ಕರೆಸಿದ್ದುಂಟು. ತಾಲೀಮಿನ ಹಿರಿಯ ಪೈಲವಾನರು ಅದನ್ನು ಕಂಡು ಏನೆಂದುಕೊಂಡರೋ!

ಇವುಗಳಲ್ಲಿ ಒಂದೂ ರಾಷ್ಟ್ರೀಯ ಲೀಗಿನ ಕಪ್ಪನ್ನು ಗೆದ್ದಿಲ್ಲ. ಆದರೆ ಇವುಗಳನ್ನು ಯಾವ ಕಂಪನಿಯೂ ಮುಚ್ಚಲಾರದು, ಯಾಕೆಂದರೆ ಯಾವ ಕಂಪನಿಯೂ ಇವನ್ನು ತೆರೆದಿಲ್ಲ. ಪೇಟೆಯ ವರ್ಗಣಿಯಿಂದ, ಗಣಪತಿಯ ಮಂಡಪ ಹಾಕುವ ಅದೇ ಕೈಗಳಿಂದ ಇವು ನಡೆಯುತ್ತವೆ. ಕಲಕತ್ತೆಯ ದೊಡ್ಡ ಸಂಘಗಳ ಗುಟ್ಟೂ ಮೂಲತಃ ಇದೇ ಎಂಬುದು ನನ್ನ ಎಣಿಕೆ: ಪ್ರಾಯೋಜಕರು ಬಂದರು, ಹೋದರು, ಸದಸ್ಯರು ಉಳಿದರು. 2020ರಲ್ಲಿ ಎಟಿಕೆಯ ಸೂಪರ್ ಲೀಗ್ ತಂಡದೊಡನೆ ಕೂಡಿಕೊಂಡು ‘ಎಟಿಕೆ ಮೋಹನ್ ಬಾಗಾನ್’ ಎಂದು ಹೆಸರಾದಾಗ ಅದರ ಅಭಿಮಾನಿಗಳು ಸುಮ್ಮನಿರಲಿಲ್ಲ. 2023ರಲ್ಲಿ ‘ಎಟಿಕೆ’ ಎಂಬ ಮೂರಕ್ಷರ ಕಳಚಿಬಿದ್ದು ‘ಮೋಹನ್ ಬಾಗಾನ್ ಸೂಪರ್ ಜೈಂಟ್’ ಆಯಿತು.

ಆದರೆ ಪೇಟೆಯ ಅಭಿಮಾನ ಸಂಘವನ್ನು ಉಳಿಸೀತು, ಆಟಗಾರನ ಸಂಸಾರವನ್ನು ಸಾಕಲಾರದು. ಮೇಲೇರಬೇಕಾದ ಹುಡುಗ ಊರು ಬಿಡಲೇಬೇಕು. ಕೊಲ್ಲಾಪುರದ ಅನಿಕೇತ ಜಾಧವ ಪುಣೆಯ ಕ್ರೀಡಾ ಪ್ರಬೋಧಿನಿಯಲ್ಲಿ ಪಳಗಿ, 2017ರಲ್ಲಿ ಭಾರತದಲ್ಲೇ ನಡೆದ 17ರ ಒಳಗಿನವರ ವಿಶ್ವಕಪ್ಪಿನಲ್ಲಿ ದೇಶದ ಅಂಗಿ ತೊಟ್ಟ. ನಂತರ ಸೂಪರ್ ಲೀಗಿನ ಕ್ಲಬ್ಬುಗಳಲ್ಲಿ ಆಡಿದ. ಕಲಕತ್ತೆಯ ಪಟ್ಟಿಗೂ ನಮ್ಮ ಗಡಿನಾಡಿನ ಕೆಮ್ಮಣ್ಣಿಗೂ ನಡುವೆ ದಾರಿಯೇ ಇಲ್ಲವೆನ್ನುವಂತಿಲ್ಲ. ದಾರಿ ಕಿರಿದು, ಅಷ್ಟೆ.

ಗಡಿಯ ಹುಡುಗನಿಗೆ ಇನ್ನೊಂದು ತೊಡಕು. ಸಂಕೇಶ್ವರ ಕೂಗಳತೆಯಲ್ಲಿದ್ದರೂ ಮಹಾರಾಷ್ಟ್ರದಲ್ಲಿ ವಾಸಿಸುವವನು ಸಂತೋಷ್ ಟ್ರೋಫಿಯ ಆಯ್ಕೆಗೆ ನೋಡಬೇಕಾದದ್ದು ಸಾಮಾನ್ಯವಾಗಿ ಮುಂಬಯಿಯ ಕಡೆಗೆ. ಹಿಂದೆ ಮೈಸೂರೆಂಬ ಹೆಸರಿನಲ್ಲಿ ನಾಲ್ಕು ಸಲ ಆ ಟ್ರೋಫಿಯನ್ನು ಗೆದ್ದಿದ್ದ ಕರ್ನಾಟಕ, 54 ವರ್ಷಗಳ ಮೇಲೆ 2023ರ ಮಾರ್ಚಿನಲ್ಲಿ ರಿಯಾಧಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಮತ್ತೆ ಗೆದ್ದಾಗ, ಗಡಿಯ ಈಚೆಯ ನಮ್ಮ ಮನೆಗಳಲ್ಲೂ ಸಂತೋಷಪಟ್ಟವರಿದ್ದರು.

ಆ ಸಂಜೆ ಪಂದ್ಯ ಮುಗಿಯುವ ಮೊದಲೇ ಆಜರೆಯ ಬಸ್ಸಿಗೆ ಹೊತ್ತಾಯಿತು. ತಾಯಿಗೆ ಬಾಗಾನಿನ ಹೆಸರನ್ನು ಹೇಳಿದೆ. ಎರಡನೆಯ ಪ್ರಶ್ನೆಗೆ, ಹತ್ತನೆಯ ಇಯತ್ತೆ ಬಿಡಿಸಬೇಡವ್ವಾ ಎಂದಷ್ಟೇ ಅಂದೆ. ಆಕೆ ತಲೆದೂಗಿದಳು. ಅಷ್ಟರಲ್ಲಿ ಹುಡುಗ ಬೆವರಿಳಿಸುತ್ತ ಬಂದು, ಚೀಲ ಕಸಿದುಕೊಂಡು ಮತ್ತೆ ಮೈದಾನದತ್ತ ಓಡಿದ.