ಕಾರಿನ ಮುಂದಿನ ಚಕ್ರಗಳ ವಾಲು ಮತ್ತು ಕ್ಯಾಂಬರ್ ಪ್ಲೇಟು: ಕೂರಿಸುವ ಮೊದಲು ತಿಳಿದಿರಬೇಕಾದದ್ದು

ತೋಟದ ಕಚ್ಚಾ ರಸ್ತೆಯಲ್ಲಿ ದಿನವೂ ಓಡಾಡುವ ಕಾರಿನ ಮುಂದಿನ ಟೈರು ಒಳ ಅಂಚಿನಲ್ಲಿ ಮಾತ್ರ ಸವೆಯುವುದನ್ನು ಬೆಳೆಗಾರ ಬಾಂಧವರು ಕಂಡಿರಬಹುದು. ಹೊರಗಿನಿಂದ ನೋಡಿದರೆ ಟೈರು ಹೊಸದರಂತೆಯೇ ಇರುತ್ತದೆ. ಒಳಗಡೆ ದಾರ ಎದ್ದಿರುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಅದು ಒಡೆದರೆ ಹೋಗುವುದು ಟೈರು ಮಾತ್ರವಲ್ಲ. ಇದಕ್ಕೆ ಪರಿಹಾರವೆಂದು ಕ್ಯಾಂಬರ್ ಪ್ಲೇಟು ಎಂಬ ಬಿಡಿಭಾಗವನ್ನು ತರಿಸಿ ಮನೆಯಲ್ಲೇ ಕೂರಿಸಿಕೊಳ್ಳುವವರು ಇದ್ದಾರೆ. ಅದು ಏನು, ಯಾರಿಗೆ ಬೇಕು, ಕೂರಿಸುವ ಕ್ರಮವೇನು ಎಂಬುದನ್ನು ಇಲ್ಲಿ ತಿಳಿಸಲಾಗಿದೆ.

ಪ್ಲೇಟು ಮಾಡುವ ಕೆಲಸ

ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದೇ ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಒಂದರ ಕಡೆಗೊಂದು ತಿರುಗಿದ್ದರೆ ಟೋ‑ಇನ್, ಹೊರಕ್ಕೆ ತಿರುಗಿದ್ದರೆ ಟೋ‑ಔಟ್. ಅಂಬಾಸಿಡರ್, ಪದ್ಮಿನಿ ಕಾರುಗಳ ಮುಂಭಾಗದ ರಚನೆ ಬೇರೆ ಇತ್ತು. 1983ರಲ್ಲಿ ಬಂದ ಮಾರುತಿ 800ರ ಕಾಲದಿಂದ ನಮ್ಮ ಸಣ್ಣ ಕಾರುಗಳಲ್ಲಿ ಸ್ಟ್ರಟ್ ಪದ್ಧತಿ ಬಳಕೆಗೆ ಬಂತು. ಇದರಲ್ಲಿ ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಒಂದೇ ಕಂಬವಾಗಿ ನಿಂತು, ಅದರ ತುದಿ ಬಾನೆಟ್ಟಿನ ಕೆಳಗೆ ಬಾಡಿಗೆ ಬಿಗಿದಿರುತ್ತದೆ. ಇಂಥ ಕಾರುಗಳಲ್ಲಿ ಸಾಮಾನ್ಯವಾಗಿ ಟೋ ಮಾತ್ರ ತಿರುಗಿಸಿ ಹೊಂದಿಸಬಹುದು. ಕ್ಯಾಂಬರ್ ಹೊಂದಿಸಲು ಏರ್ಪಾಡಿರುವುದಿಲ್ಲ.

ಸ್ಟ್ರಟ್ಟಿನ ತುದಿಯಲ್ಲಿರುವ ರಬ್ಬರ್ ಮೌಂಟನ್ನು ತೆಗೆದು, ಉದ್ದ ತೂತುಗಳಿರುವ ಲೋಹದ ತಟ್ಟೆಯನ್ನು ಕೂರಿಸಿದರೆ ಆ ತುದಿಯನ್ನು ಒಳಕ್ಕೂ ಹೊರಕ್ಕೂ ಸರಿಸಬಹುದು. ಇದೇ ಕ್ಯಾಂಬರ್ ಪ್ಲೇಟು. ಸ್ಟ್ರಟ್ಟಿನ ತುದಿಯಿಂದ ಕೆಳಗಿನ ಬಾಲ್ ಜಾಯಿಂಟಿಗೆ 60 ಸೆಂ.ಮೀ. ಇದ್ದರೆ, ತುದಿಯನ್ನು 1 ಸೆಂ.ಮೀ. ಸರಿಸಿದಾಗ ಚಕ್ರ ಹೆಚ್ಚುಕಡಿಮೆ 1 ಡಿಗ್ರಿ ವಾಲುತ್ತದೆ.

ಜೀಪಿನ ವಿಷಯ ಬೇರೆ. ಗಟ್ಟಿ ಆಕ್ಸಲ್ ಮತ್ತು ಪಟ್ಟಾ ಸ್ಪ್ರಿಂಗಿನ ಹಳೆಯ ಜೀಪುಗಳಿಗೆ ಈ ಪ್ಲೇಟು ಸಲ್ಲದು.

ಮೊದಲು ರೋಗ ತಿಳಿಯಿರಿ

ಟೈರಿನ ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ; ನಡು ಮಾತ್ರ ಸವೆದಿದ್ದರೆ ಗಾಳಿ ಹೆಚ್ಚು. ಟೈರಿನ ಮೇಲೆ ಅಡ್ಡಲಾಗಿ ಕೈಯಾಡಿಸಿದಾಗ ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಗರಗಸದಂತೆ ತಾಗಿದರೆ ದೋಷ ಟೋದಲ್ಲಿದೆ. ಇವುಗಳಲ್ಲಿ ಯಾವುದಕ್ಕೂ ಪ್ಲೇಟು ಬೇಡ.

ಒಂದೇ ಅಂಚು ನುಣುಪಾಗಿ ಸವೆದಿದ್ದರೆ ವಾಲನ್ನು ಅಳೆಯಿರಿ. ಗಾರೆ ಕೆಲಸದವರ ತೂಗುಗುಂಡೊಂದು ಸಾಕು. ಗಾಳಿ ಸರಿಯಾಗಿ ತುಂಬಿಸಿ, ಸ್ಟೇರಿಂಗನ್ನು ನೇರ ಮಾಡಿ, ದಾರವನ್ನು ಚಕ್ರದ ಹೊರಗಡೆ ಇಳಿಬಿಟ್ಟು, ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ದಾರದಿಂದ ಇರುವ ದೂರ ನೋಡಿ. ಅಂಚುಗಳ ನಡುವೆ 35 ಸೆಂ.ಮೀ. ಇದ್ದರೆ 6 ಮಿ.ಮೀ. ವ್ಯತ್ಯಾಸ ಸುಮಾರು 1 ಡಿಗ್ರಿ. ಅಡಿಕೆ, ಕಾಫಿ ಒಣಗಿಸುವ ಕಣಕ್ಕೆ ನೀರು ಹರಿಯಲೆಂದು ಇಳಿಜಾರು ಕೊಟ್ಟಿರುತ್ತದೆ. ಆದ್ದರಿಂದ ಒಮ್ಮೆ ಅಳೆದ ಮೇಲೆ ಕಾರನ್ನು ತಿರುಗಿಸಿ ಅದೇ ಜಾಗದಲ್ಲಿ ನಿಲ್ಲಿಸಿ ಮತ್ತೆ ಅಳೆದು, ಎರಡರ ಸರಾಸರಿ ತೆಗೆದುಕೊಳ್ಳಬೇಕು.

ವಾಲು ಒಂದೇ ಚಕ್ರದಲ್ಲಿ ಹೆಚ್ಚಿದ್ದರೆ ಏನೋ ಬಗ್ಗಿದೆ ಅಥವಾ ಸವೆದಿದೆ ಎಂದೇ ತಿಳಿಯತಕ್ಕದ್ದು: ಲೋವರ್ ಆರ್ಮಿನ ಬುಷ್, ಬಾಲ್ ಜಾಯಿಂಟ್, ಗುಂಡಿಗೆ ಬಿದ್ದು ಬಗ್ಗಿದ ಸ್ಟ್ರಟ್, ಕುಸಿದ ಸ್ಪ್ರಿಂಗು. ಚಕ್ರವನ್ನು ಎತ್ತಿ ಮೇಲೂ ಕೆಳಗೂ ಹಿಡಿದು ಅಲುಗಿಸಿ. ಕಟಕಟ ಎಂದರೆ ಕಾರಣ ಅಲ್ಲೇ ಇದೆ. ಇಂಥ ಕಾರಿಗೆ ಪ್ಲೇಟು ಹಾಕಿದರೆ ಅಳತೆ ಸರಿ ಕಾಣುತ್ತದೆ, ಸವೆದ ಭಾಗ ಹಾಗೆಯೇ ಉಳಿಯುತ್ತದೆ. ಕೊಳೆರೋಗ ಬಂದ ಕೊನೆಯನ್ನು ಮುಚ್ಚಿಟ್ಟ ಹಾಗಾಯಿತು.

ಕೂರಿಸುವ ಕ್ರಮ

ಎಲ್ಲ ಭಾಗ ಸರಿಯಿದ್ದೂ ಪ್ಲೇಟು ಬೇಕೆಂದು ತೀರ್ಮಾನಿಸಿದವರು ಈ ಕ್ರಮ ಅನುಸರಿಸುವುದು.

1. ಹಿಂದಿನ ಚಕ್ರಗಳಿಗೆ ಅಡ್ಡಕಟ್ಟೆ ಕೊಟ್ಟು, ಕಾರನ್ನು ಜಾಕಿಯಿಂದ ಎತ್ತಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿ. ಕೆಂಪು ಕಲ್ಲು ಪುಡಿಯಾಗುತ್ತದೆ, ದಿಮ್ಮಿ ಉರುಳುತ್ತದೆ. ಬರೀ ಜಾಕಿಯನ್ನು ನಂಬಿ ಕೆಳಗೆ ಹೋಗಲೇಬಾರದು.

2. ಬಿಚ್ಚುವ ಮೊದಲು ಪ್ರತಿ ಬೋಲ್ಟಿನ ಸ್ಥಾನಕ್ಕೂ ಬಣ್ಣದ ಗುರುತು ಹಾಕಿ. ಬ್ರೇಕ್ ಹೋಸನ್ನೂ ಎ.ಬಿ.ಎಸ್. ತಂತಿಯನ್ನೂ ಸ್ಟ್ರಟ್ಟಿನಿಂದ ಬಿಡಿಸಿ. ಜೋತು ಬೀಳಲು ಬಿಡಬೇಡಿ.

3. ಸ್ಟ್ರಟ್ಟನ್ನು ಹೊರತೆಗೆದು, ಸ್ಪ್ರಿಂಗಿಗೆ ಎದುರುಬದುರಾಗಿ ಎರಡು ಕಂಪ್ರೆಸರ್ ಹಾಕಿ ಸಮನಾಗಿ ಬಿಗಿದು, ಸ್ಪ್ರಿಂಗು ತನ್ನ ಗೂಡಿನಲ್ಲಿ ಸಡಿಲವಾದ ಮೇಲೆಯೇ ನಡುವಿನ ನಟ್ಟು ಬಿಚ್ಚಬೇಕು. ಹಾಗಲ್ಲದೆ ಬಿಚ್ಚಿದರೆ ಕಾರಿನ ಭಾರ ಹೊರುವ ಸ್ಪ್ರಿಂಗು ಗುಂಡಿನಂತೆ ಚಿಮ್ಮುತ್ತದೆ, ಪ್ರಾಣಕ್ಕೇ ಅಪಾಯ. ಈ ಒಂದು ಕೆಲಸವನ್ನು ಗ್ಯಾರೇಜಿನಲ್ಲಿ ಮಾಡಿಸುವುದೇ ಲೇಸು.

4. ಪ್ಲೇಟನ್ನು ನಡು ಗುರುತಿಗೆ ಇಟ್ಟು, ಎರಡೂ ಕಡೆ ಒಂದೇ ಅಳತೆಗೆ ಕೂರಿಸಿ. ಬೋಲ್ಟುಗಳನ್ನು ಕಾರಿನ ಪುಸ್ತಕದಲ್ಲಿ ಮತ್ತು ಪ್ಲೇಟಿನ ಜೊತೆ ಬಂದ ಚೀಟಿಯಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಒಮ್ಮೆ ಬಿಚ್ಚಿದ ಲಾಕ್ ನಟ್ಟನ್ನು ಮತ್ತೆ ಬಳಸಬೇಡಿ.

5. ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುತ್ತದೆ. ಆದ್ದರಿಂದ ನಿಧಾನವಾಗಿ ಓಡಿಸಿಕೊಂಡು ಹೋಗಿ ಯಂತ್ರದಲ್ಲಿ ಅಲೈನ್‌ಮೆಂಟ್ ಮಾಡಿಸಲೇಬೇಕು. ಶಿವಮೊಗ್ಗ, ಭದ್ರಾವತಿ ಎರಡೂ ಊರುಗಳಲ್ಲಿ ಈ ಅನುಕೂಲವಿದೆ. ಅಳತೆಯ ಚೀಟಿ ಕೇಳಿ ಪಡೆದು ಇಟ್ಟುಕೊಳ್ಳಿ. ಕೆಲವು ದಿನ ಓಡಿಸಿದ ಮೇಲೆ ಬೋಲ್ಟುಗಳ ಬಿಗಿ ಮತ್ತೊಮ್ಮೆ ನೋಡಿ.

ಎರಡು ಎಚ್ಚರಿಕೆಗಳು

ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಉತ್ಪಾದನೆ ಆರಂಭಿಸಿದ್ದು 1923ರಲ್ಲಿ. ಅಂದಿನಿಂದ ಅಲ್ಲಿ, ಈಚೆಗೆ ಮಾಚೇನಹಳ್ಳಿಯಲ್ಲಿ, ಕಬ್ಬಿಣದ ಕೆಲಸ ಬಲ್ಲ ಕೈಗಳಿಗೆ ಕೊರತೆಯಿಲ್ಲ. ಲೇಥಿನಲ್ಲಿ ಇಂಥದೇ ತಟ್ಟೆ ಮಾಡಿಸಿಬಿಡೋಣ ಎಂದು ಅನ್ನಿಸುವುದು ಸಹಜ. ಆದರೆ ಸ್ಟೇರಿಂಗ್ ತಿರುಗಿಸಿದಾಗ ಸ್ಟ್ರಟ್ಟೂ ತಿರುಗುತ್ತದೆ. ಅದರ ಹೊಡೆತವನ್ನೆಲ್ಲ ಪ್ಲೇಟಿನ ಬೇರಿಂಗು ತಾಳಬೇಕು. ಆಕಾರ ನೋಡಿ ಮಾಡಿದ ತಟ್ಟೆ ಎಲ್ಲಿ ಬಿರಿಯುವುದೆಂದು ಹೇಳಲಾಗದು. ಕೊಂಡ ಪ್ಲೇಟುಗಳಲ್ಲೂ ಅನೇಕವು ರೇಸಿನ ಕಾರಿಗೆಂದು ಮಾಡಿದವು. ರಬ್ಬರಿನ ಬದಲು ಲೋಹದ ಗುಂಡು ಇರುವುದರಿಂದ ನಮ್ಮ ಮಳೆಗಾಲದ ಕೆಸರಿಗೆ ಬೇಗ ಸವೆದು ಸದ್ದು ಮಾಡುತ್ತವೆ.

ಎರಡನೆಯದು ಕಾನೂನು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನದ ಮೂಲ ವಿವರಗಳನ್ನು ಮಾಲೀಕರು ತಾವಾಗಿ ಬದಲಿಸುವುದಕ್ಕೆ ನಿರ್ಬಂಧ ಹಾಕಿದೆ. ಕೆಲಸಕ್ಕೆ ಕೈಹಾಕುವ ಮೊದಲು ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ವಿಮಾ ಕಂಪನಿಗೆ ಬರಹದಲ್ಲಿ ತಿಳಿಸುವುದು ಒಳ್ಳೆಯದು.

ಒಟ್ಟಿನಲ್ಲಿ, ತೋಟಕ್ಕೂ ಮಂಡಿಗೂ ಓಡಾಡುವ ಕಾರಿಗೆ ಒಳ್ಳೆಯ ಬುಷ್, ಸರಿಯಾದ ಗಾಳಿ, ಸರಿಯಾದ ಟೋ ಇದ್ದರೆ ಬಹುಪಾಲು ಪ್ಲೇಟಿನ ಅಗತ್ಯವೇ ಬೀಳುವುದಿಲ್ಲ. ಮಳೆಗಾಲದ ಮೊದಲೊಮ್ಮೆ, ಕೊಯ್ಲಿನ ಮೊದಲೊಮ್ಮೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿ ಟೈರಿನ ಒಳ ಅಂಚಿಗೆ ಬ್ಯಾಟರಿ ಬಿಟ್ಟು ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಅದಕ್ಕೆ ಖರ್ಚಿಲ್ಲ.