ಅಡಿಕೆಯ ಡಬ್ಬಿಯಲ್ಲಿ ನೆಲ್ಲಿ: ಮನೆಯಲ್ಲೇ ಒಣಹಣ್ಣಿನ ತಿನಿಸು



ಕಳೆದ ಮಾಗಿಯಲ್ಲಿ ಚನ್ನಗಿರಿ ತಾಲ್ಲೂಕಿನ ತರುಣ ಕೃಷಿಕರೊಬ್ಬರು ತಾಯಿಯೊಡನೆ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ಖಾರ ತಾಗಿದರೆ ಬಾಯಿ ಉರಿಯುತ್ತದೆ ಎಂಬುದು ಅವರ ದೂರು. ಬಾಯಿ ತೆರೆಯಲು ಹೇಳಿದೆವು. ಮೂರು ಬೆರಳು ಹಿಡಿಸಬೇಕಾದಲ್ಲಿ ಎರಡೂ ಹಿಡಿಸಲಿಲ್ಲ. ದಿನವಿಡೀ ಅಡಿಕೆ ಜಗಿಯುವ ಅಭ್ಯಾಸದಿಂದ ಕೆನ್ನೆಯ ಒಳಪೊರೆ ಬಿಗಿದುಕೊಂಡಿತ್ತು. ಅವರನ್ನು ದಾವಣಗೆರೆಯ ತಜ್ಞರಲ್ಲಿಗೆ ಕಳುಹಿಸಿದೆವು. ಹೊರಡುವಾಗ ತಾಯಿ ಕೇಳಿದರು: “ಡಾಕ್ಟ್ರೇ, ಅಡಿಕೆ ಬಿಡು ಅಂದ್ರೆ ಬಿಡಿಸ್ತೀನಿ. ಬದ್ಲಿಗೆ ಬಾಯಿಗೆ ಏನು ಕೊಡ್ಲಿ?”

ಆ ತಾಯಿಯ ಪ್ರಶ್ನೆಗೆ ಉತ್ತರವೇ ಈ ಲೇಖನ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸೀಮೆಯ ಎಷ್ಟೋ ಮನೆಗಳಿಗೆ ಅಡಿಕೆಯೇ ಅನ್ನ. ನಮ್ಮದೂ ಅಡಿಕೆ ತೋಟವೇ. ಬೆಳೆಯುವುದು ಕಾಯಕವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸತತವಾಗಿ ಜಗಿಯುವುದು ಬೇರೆಯ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಇದನ್ನು ಭಕ್ತರಿಗೆ ತಿಳಿಸದಿದ್ದರೆ ವೈದ್ಯರಾದ ನಾವು ತಪ್ಪಿದಂತಾಗುತ್ತದೆ.

ಶಾಸ್ತ್ರದಲ್ಲಿ ಒಣಹಣ್ಣು

ಹಣ್ಣನ್ನು ಬಿಸಿಲಿಗೆ ಒಣಗಿಸಿಡುವ ಕಲೆ ಹೊಸದಲ್ಲ. ಮಾಗಿದ ಮಾವಿನ ರಸವನ್ನು ಬಟ್ಟೆಯ ಮೇಲೆ ಹರಡಿ, ಒಣಗಿದ ಮೇಲೆ ಮತ್ತೆ ರಸ ಸುರಿದು ಪದರಗಟ್ಟಿಸುವ ‘ಆಮ್ರಾವರ್ತ’ವನ್ನು ಭಾವಪ್ರಕಾಶವು ವರ್ಣಿಸುತ್ತದೆ. ಸೂರ್ಯಕಿರಣದಲ್ಲಿ ಪಕ್ವವಾಗುವುದರಿಂದ ಅದು ಜೀರ್ಣಕ್ಕೆ ಹಗುರ, ಬಾಯಾರಿಕೆ ನೀಗುತ್ತದೆ, ರುಚಿ ಹುಟ್ಟಿಸುತ್ತದೆ ಎಂದು ಗ್ರಂಥಕಾರರ ಅಭಿಪ್ರಾಯ. ಕರಾವಳಿಯವರ ಮಾಂಬಳ ಇದೇ. ಉತ್ತರ ಕನ್ನಡದವರು ಬಾಳೆಹಣ್ಣನ್ನು ಒಣಗಿಸಿ ಸುಕೇಳಿ ಮಾಡುತ್ತಾರೆ. ಮಳೆ ಕಡಿಮೆಯಾದ ಜಗಳೂರಿನಂಥ ಬಯಲುಸೀಮೆಗೆ ಹೇಳಿ ಮಾಡಿಸಿದ್ದು ಎಲಚಿ ಹಣ್ಣು. ಬೆಲ್ಲ, ಹುಣಸೆ, ಉಪ್ಪು, ಮೆಣಸಿನಕಾಯಿ ಸೇರಿಸಿ ಕುಟ್ಟಿ, ತಟ್ಟಿ ಒಣಗಿಸಿದ ಎಲಚಿ ವಡೆಯ ರುಚಿಯನ್ನು ಬಾಲ್ಯದಲ್ಲಿ ಸವಿದವರು ಮರೆಯಲಾರರು.

ನೆಲ್ಲಿಕಾಯಿ ಅಡಿಕೆ

ಜಗಿಯುವ ಚಟಕ್ಕೆ ಸರಿಯಾದ ಬದಲಿ ಇದು. ಬೆಟ್ಟದ ನೆಲ್ಲಿಯಲ್ಲಿ ಉಪ್ಪೊಂದನ್ನು ಬಿಟ್ಟು ಉಳಿದ ಐದು ರಸಗಳೂ ಇವೆಯೆಂದು ಆಯುರ್ವೇದ ಹೇಳುತ್ತದೆ.

ಒಂದು ಕಿಲೋ ನೆಲ್ಲಿಕಾಯಿಯನ್ನು ತೊಳೆದು, ಎಸಳು ಬಿಡಿಸಿಕೊಳ್ಳುವಷ್ಟು, ಅಂದರೆ ಸುಮಾರು 10 ನಿಮಿಷ ಹಬೆಯಲ್ಲಿ ಬೇಯಿಸಿರಿ. ಬೀಜ ತೆಗೆದು, 2 ಚಿಕ್ಕ ಚಮಚ ಸೈಂಧವ ಲವಣ, 1 ಚಮಚ ಓಂಕಾಳಿನ ಪುಡಿ, ಅರ್ಧ ಚಮಚ ಕಾಳುಮೆಣಸಿನ ಪುಡಿ, 2 ಚಮಚ ಶುಂಠಿ ರಸ ಬೆರೆಸಿ ರಾತ್ರಿಯಿಡೀ ಮುಚ್ಚಿಡಿರಿ. ಮರುದಿನ ಶುಭ್ರವಾದ ಬಿಳಿ ಬಟ್ಟೆಯ ಮೇಲೆ ಹರಡಿ, ಮೇಲೊಂದು ತೆಳುಬಟ್ಟೆ ಹೊದಿಸಿ 4ರಿಂದ 6 ದಿನ ಬಿಸಿಲಿಗಿಡಿರಿ. ಸಂಜೆಯಾಗುತ್ತಲೇ ಒಳಗೆ ತನ್ನಿರಿ. ರಾತ್ರಿಯ ಇಬ್ಬನಿ ಹಗಲಿನ ಶ್ರಮವನ್ನೆಲ್ಲ ಕೆಡಿಸುತ್ತದೆ. ಕೊನೆಗೆ 150 ಗ್ರಾಂ ಆಸುಪಾಸು ಉಳಿಯುತ್ತದೆ.

ಬಾಳೆಹಣ್ಣು

ತೋಟದಲ್ಲಿ ಗೊನೆ ಒಮ್ಮೆಗೇ ಹಣ್ಣಾದಾಗ ಅರ್ಧ ದನಗಳ ಪಾಲಾಗುವುದುಂಟು. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಮೂಡತೊಡಗಿದ ಹಣ್ಣನ್ನು ಉದ್ದಕ್ಕೆ ಸೀಳಿ, ಅರ್ಧ ಲೀಟರ್ ನೀರಿಗೆ ಒಂದು ನಿಂಬೆಯ ರಸ ಹಿಂಡಿ ಅದರಲ್ಲಿ ಅದ್ದಿ ತೆಗೆಯಿರಿ. ಆಗ ತೀರ ಕಪ್ಪಾಗದು. ದಿನಕ್ಕೆರಡು ಸಲ ತಿರುವುತ್ತ 4–5 ದಿನ ಒಣಗಿಸಿರಿ. ಹಿಂಡಿದರೆ ತೇವ ಕಾಣಬಾರದು, ಬಾಗಿಸಿದರೆ ಮುರಿಯಬಾರದು. ಅದೇ ಹದ.

ಬೂಷ್ಟಿನ ಎಚ್ಚರ

ಅಡಿಕೆ ಬೇಯಿಸಿ ಒಣಗಿಸುವ ಮನೆಯ ತಾಯಂದಿರಿಗೆ ಬಿಸಿಲಿನ ಹದವನ್ನು ನಾವು ಕಲಿಸಬೇಕಿಲ್ಲ. ಅದೇ ಕಣ್ಣು ಇಲ್ಲಿಯೂ ಇರಲಿ. ಒಣಗಿದ ಹಣ್ಣನ್ನು ಗಾಜಿನ ಭರಣಿಯಲ್ಲಿ ಮುಕ್ಕಾಲು ತುಂಬಿಸಿ, ಒಂದು ವಾರ ದಿನವೂ ಕುಲುಕಿ ನೋಡಿರಿ. ಗಾಜಿಗೆ ನೀರಹನಿ ಕಂಡರೆ ಮತ್ತೆ ಬಿಸಿಲಿಗೆ ಹಾಕಿರಿ. ಬೂಷ್ಟು ಬಂದುದನ್ನು ಒರೆಸಿ ತಿನ್ನಬೇಡಿರಿ, ಪೂರ್ತಿ ಎಸೆಯಿರಿ. ಅಂಗಡಿಯ ಹೊಂಬಣ್ಣದ ಒಣದ್ರಾಕ್ಷಿಗೆ ಆ ಬಣ್ಣ ಉಳಿಯಲು ಗಂಧಕದ ಹೊಗೆ ಹಾಕುವುದುಂಟು. ಉಬ್ಬಸವಿರುವ ಕೆಲವರಿಗೆ ಅದು ಆಗದು. ಮನೆಯಲ್ಲಿ ಒಣಗಿಸಿದ್ದು ಕಂದಾಗಿಯೇ ಇರುತ್ತದೆ, ಅದು ದೋಷವಲ್ಲ.

ಯಾರಿಗೆ ಎಷ್ಟು?

ನೀರು ಆರಿದರೂ ಸಕ್ಕರೆ ಆರುವುದಿಲ್ಲ. ನಾಲ್ಕು ಬಾಳೆಹಣ್ಣಿನ ಸಿಹಿ ಒಂದೇ ಹಿಡಿಯಲ್ಲಿ ಅಡಗಿರುತ್ತದೆ. ಆದ್ದರಿಂದ ಮಧುಮೇಹಿಗಳು ಒಣ ಬಾಳೆಯಿಂದ ದೂರವಿರುವುದೇ ಲೇಸು. ಮೂತ್ರಪಿಂಡದ ತೊಂದರೆಯುಳ್ಳವರು ತಮ್ಮ ವೈದ್ಯರನ್ನು ಕೇಳದೆ ಒಣಹಣ್ಣು ತಿನ್ನಬಾರದು. ರಕ್ತದೊತ್ತಡವಿರುವವರು ನೆಲ್ಲಿಗೆ ಉಪ್ಪು ಬೆರೆಸದಿರಲಿ. ಮಕ್ಕಳಿಗೆ ದಿನಕ್ಕೆ ಎರಡು ಮೂರು ತುಂಡು ಸಾಕು. ಹಲ್ಲಿಗೆ ಅಂಟುವುದರಿಂದ ತಿಂದ ಮೇಲೆ ಬಾಯಿ ಮುಕ್ಕಳಿಸಲಿ.

ನೆಲ್ಲಿ ಜಗಿದರೆ ಬಿಗಿದ ಬಾಯಿ ಸಡಿಲವಾಗುತ್ತದೆಂದು ನಾವು ಹೇಳುತ್ತಿಲ್ಲ. ಅದಕ್ಕೆ ತಜ್ಞರ ಚಿಕಿತ್ಸೆಯೇ ಬೇಕು. ಆದರೆ ಕೈ ಜೇಬಿಗೆ ಹೋದಾಗ ಅಲ್ಲಿ ಅಡಿಕೆಯಿರದೆ ನೆಲ್ಲಿಯಿರುವುದು ಸಣ್ಣ ಸಂಗತಿಯಲ್ಲ. ಆ ತರುಣರು ಮೊನ್ನೆ ಮತ್ತೆ ಬಂದಿದ್ದರು. ಚಿಕಿತ್ಸೆ ನಡೆದಿದೆ, ಬಾಯಿ ಇನ್ನೂ ಪೂರ್ತಿ ತೆರೆದಿಲ್ಲ. ಜೇಬಿನಿಂದ ಹಳೆಯ ಅಡಿಕೆ ಡಬ್ಬಿ ತೆಗೆದು ನಮ್ಮ ಮುಂದಿಟ್ಟರು. ಒಳಗೆ ತಾಯಿ ಒಣಗಿಸಿಕೊಟ್ಟ ನೆಲ್ಲಿಯಿತ್ತು. ನಾವೂ ಒಂದು ಎಸಳು ಪಡೆದು ಬಾಯಿಗೆ ಹಾಕಿಕೊಂಡೆವು.